ಕುಂಡದ ನಿಂಬೆ ಮೂರು ವರ್ಷವಾದರೂ ಹೂ ಬಿಟ್ಟಿಲ್ಲ, ಕಿತ್ತು ಹಾಕಲೇ?

ಪ್ರಶ್ನೆ: ನಮ್ಮದು ಚಿಕ್ಕಮಗಳೂರು ಪೇಟೆ. ಮನೆ ಸುತ್ತ ಒಂದು ಹಿಡಿ ಮಣ್ಣಿನ ಜಾಗವೂ ಇಲ್ಲ, ತಾರಸಿಯೇ ತೋಟ. ಮೂರು ವರ್ಷದ ಹಿಂದೆ ಸಂತೆಯಲ್ಲಿ ನಿಂಬೆ ಗಿಡ ತಂದು 14 ಇಂಚಿನ ಸಿಮೆಂಟ್ ಕುಂಡದಲ್ಲಿ ನೆಟ್ಟೆ. ಒಂದೇ ವರ್ಷಕ್ಕೆ ಕಾಯಿ ಬಿಡುತ್ತೆ ಅಂದಿದ್ದರು. ಇವತ್ತಿನವರೆಗೆ ಒಂದು ಹೂವೂ ಇಲ್ಲ. ಉದ್ದುದ್ದ ಕೊಂಬೆ, ತುಂಬ ದೊಡ್ಡ ಮುಳ್ಳು. ಈ ಮಳೆಗಾಲದಲ್ಲಿ ಅರ್ಧ ಎಲೆ ಹಳದಿಯಾಗಿ ಉದುರಿತು. ಉಳಿದ ಎಲೆಗಳ ಮೇಲೆ ಕಂದು ಚುಕ್ಕೆ. ನಾನು ತಪ್ಪದೆ ದಿನಾ ನೀರು ಹಾಕುತ್ತೇನೆ. ಅತ್ತೆಯವರು ಕಾಫಿ ಚರಟ ತಂದು ಬುಡಕ್ಕೆ ಹಾಕುತ್ತಾರೆ. ತಾರಸಿ ಕೊಳೆಯಾಗಬಾರದು ಅಂತ ಕೆಳಗೆ ತಟ್ಟೆ ಇಟ್ಟಿದ್ದೇನೆ. ನಮ್ಮ ಮನೆಯವರು ‘ನಿಂಬೆ ನೆಲದಲ್ಲಿ ಬೆಳೆಯೋ ಗಿಡ, ಕುಂಡದಲ್ಲಿ ಆಗಲ್ಲ, ಕಿತ್ತು ಹಾಕು’ ಅನ್ನುತ್ತಾರೆ. ಏನು ಮಾಡಲಿ?

ಉತ್ತರ: ಕಿತ್ತು ಹಾಕಬೇಡಿ. ಆದರೆ ಒಮ್ಮೆ ಕುಂಡದಿಂದ ಹೊರಗೆ ತೆಗೆಯಲೇಬೇಕು.

ಹೂವಿಲ್ಲ, ಎಲೆ ಹಳದಿ, ಕಂದು ಚುಕ್ಕೆ ಅಂತ ಮೂರು ದೂರು ಬರೆದಿದ್ದೀರಿ. ನನಗೆ ಮೊದಲು ಕಣ್ಣಿಗೆ ಬಿದ್ದದ್ದು ನೀವು ಸುಮ್ನೆ ಸೇರಿಸಿದ ಇನ್ನೊಂದು ಮಾತು. ಕುಂಡದ ಕೆಳಗಿನ ಆ ತಟ್ಟೆ.

ಈ ತಟ್ಟೆ ವಿಷಯದಲ್ಲಿ ಬುದ್ಧಿ ಹೇಳುವ ಯೋಗ್ಯತೆ ನನಗೂ ಅಷ್ಟಾಗಿ ಇಲ್ಲ. ಸಕಲೇಶಪುರದಲ್ಲಿ ಬಾಡಿಗೆ ಮನೆಯಲ್ಲಿದ್ದಾಗ ಒಂದು ಒಳ್ಳೆಯ ನಿಂಬೆ ಗಿಡ ಸಾಕಿದ್ದೆ. ಮನೆ ಮಾಲೀಕರ ಸಿಟೌಟು ಗಲೀಜಾಗಬಾರದು ಅಂತ ನಾನೂ ತಟ್ಟೆ ಇಟ್ಟಿದ್ದೆ. ಪುನರ್ವಸು ಮಳೆ ಹಿಡಿದಾಗ ಹತ್ತು ದಿನ ಊರಿಗೆ ಹೋದೆ. ವಾಪಸ್ ಬಂದಾಗಲೂ ಧೋ ಅಂತ ಸುರಿಯುತ್ತಿತ್ತು, ಗಿಡ ಮಾತ್ರ ಏಪ್ರಿಲ್ ಬಿಸಿಲಿಗೆ ಸಿಕ್ಕಿದ ಹಾಗೆ ಎಲೆ ಜೋತುಬಿಟ್ಟು ನಿಂತಿತ್ತು. ತೋಟಗಾರಿಕೆ ಓದಿದ ನಾನು ಏನು ಮಾಡಿದೆ ಗೊತ್ತಾ? ಅಯ್ಯೋ ಪಾಪ, ಬಾಡಿದೆ ಅಂತ ಇನ್ನೊಂದು ಚೊಂಬು ನೀರು ಹಾಕಿದೆ. ಮುಂದಿನ ವಾರ ಗಿಡ ಹೋಯಿತು.

ಬೇರಿಗೂ ಉಸಿರಾಡಬೇಕು. ಮಣ್ಣಿನ ಸಂದುಗಳಲ್ಲಿ ಗಾಳಿ ಇದ್ದರೆ ಮಾತ್ರ ಅದು ನೀರು ಹೀರುತ್ತದೆ. ಸಂದೆಲ್ಲ ನೀರು ತುಂಬಿ ನಾಲ್ಕಾರು ದಿನ ನಿಂತರೆ ಸಣ್ಣ ಬೇರುಗಳು ಉಸಿರುಕಟ್ಟಿ ಸಾಯುತ್ತವೆ. ಸತ್ತ ಬೇರು ನೀರು ಎಳೆಯುವುದಿಲ್ಲ. ಹಾಗಾಗಿ ಗಿಡ ನೀರಿನಲ್ಲೇ ನಿಂತು ಬಾಯಾರಿ ಬಾಡುತ್ತದೆ. ಇದರ ಜೊತೆಗೆ ಫೈಟಾಫ್ತೊರ ಎಂಬ ಕೊಳೆರೋಗದ ಸೂಕ್ಷ್ಮಜೀವಿ ನಿಂತ ನೀರಿನಲ್ಲೇ ಈಜಿಕೊಂಡು ಬೇರಿನಿಂದ ಬೇರಿಗೆ ಹೋಗುತ್ತದೆ. ಅಡಿಕೆಗೆ ಕೊಳೆ ತರುವುದೂ ಇದರ ದಾಯಾದಿಯೇ.

ನಿಂಬೆಯ ಜಾತಕವನ್ನೂ ನೋಡಿ. ನಮ್ಮ ರಾಜ್ಯದಲ್ಲಿ ನಿಂಬೆಗೆ ಹೆಸರಾದ ಊರು ವಿಜಯಪುರ ಜಿಲ್ಲೆಯ ಇಂಡಿ. ಅಲ್ಲಿನ ನಿಂಬೆಗೆ ಭೌಗೋಳಿಕ ಸೂಚಿಯೂ ಸಿಕ್ಕಿದೆ. ಅಲ್ಲಿ ವರ್ಷಕ್ಕೆ ಬೀಳುವ ಮಳೆ 600 ಮಿಲಿಮೀಟರ್ ಆಸುಪಾಸು. ನಮ್ಮ ಮೂಡಿಗೆರೆ, ಸಕಲೇಶಪುರದ ಕಡೆ 2000 ದಾಟುತ್ತದೆ. ಚಿಕ್ಕಮಗಳೂರು ಪೇಟೆಯಲ್ಲಿ ಅಷ್ಟಿಲ್ಲ, ಆದರೂ ಜೂನ್‌ನಿಂದ ಆಗಸ್ಟ್‌ವರೆಗೆ ಬಟ್ಟೆ ಒಣಗೋದಿಲ್ಲ ಅಲ್ವಾ? ಕುಂಡದ ಮಣ್ಣೂ ಒಣಗುವುದಿಲ್ಲ. ಬಿಸಿಲುನಾಡಿನ ಗಿಡವನ್ನು ತಂದು ಜಡಿಮಳೆಯಲ್ಲಿ ತಟ್ಟೆಯ ಮೇಲೆ ಕೂರಿಸಿ, ಮೇಲಿಂದ ದಿನಾ ನೀರನ್ನೂ ಹಾಕುತ್ತಿದ್ದೀರಿ.

ಈಗ ಮಳೆ ನಿಂತಿದೆ. ನಾಲ್ಕು ದಿನ ನೀರು ಹಾಕಬೇಡಿ. ಆಮೇಲೆ ಹಳೆಯ ಚಾಕುವನ್ನು ಕುಂಡದ ಒಳಗೋಡೆಗೆ ತಾಗಿಸಿ ಸುತ್ತ ಒಮ್ಮೆ ಎಳೆಯಿರಿ. ಗೋಣಿಚೀಲ ಹಾಸಿ ಕುಂಡ ಮಲಗಿಸಿ, ಬುಡ ಹಿಡಿದು ಮೆಲ್ಲಗೆ ಎಳೆದರೆ ಮಣ್ಣಿನ ಹೆಂಟೆ ಇಡಿಯಾಗಿ ಬರುತ್ತದೆ. ಮೊದಲು ಮೂಸಿ ನೋಡಿ. ಒಳ್ಳೆಯ ಮಣ್ಣಿಗೆ ಮೊದಲ ಮಳೆಯ ವಾಸನೆ ಇರುತ್ತದೆ. ಚರಂಡಿ ವಾಸನೆ ಬಂದರೆ ಗಾಳಿ ಇಲ್ಲದೆ ಕೊಳೆತಿದೆ ಎಂದರ್ಥ. ಆಮೇಲೆ ತಳದ ಒಂದು ಸಣ್ಣ ಬೇರನ್ನು ಎರಡು ಬೆರಳಲ್ಲಿ ಹಿಡಿದು ಎಳೆಯಿರಿ. ಜೀವ ಇರುವ ಬೇರು ಕೆನೆ ಬಣ್ಣ, ಗಟ್ಟಿ, ಎಳೆದರೆ ಟಪ್ ಅಂತ ತುಂಡಾಗುತ್ತದೆ. ಕೊಳೆತದ್ದಾದರೆ ಮೇಲಿನ ಕಂದು ಸಿಪ್ಪೆ ಲೊಳಲೊಳ ಅಂತ ಬೆರಳಿಗೆ ಬಂದು, ಒಳಗೆ ಹೊಲಿಗೆ ದಾರದ ಹಾಗೆ ಒಂದು ಎಳೆ ಮಾತ್ರ ಉಳಿಯುತ್ತದೆ. ಇದೊಂದು ನೋಡಿದರೆ ಸಾಕು, ಯಾವ ಲ್ಯಾಬೂ ಬೇಡ.

ಕೊಳೆತ ಬೇರನ್ನೆಲ್ಲ ಚೂಪಾದ ಕತ್ತರಿಯಲ್ಲಿ ಕತ್ತರಿಸಿ. ದಯೆ ತೋರಿಸಬೇಡಿ, ಕೆನೆ ಬಣ್ಣ ಕಾಣುವವರೆಗೂ ಹೋಗಿ. ಬೇರು ಎಷ್ಟು ಹೋಯಿತೋ ಅದಕ್ಕೆ ತಕ್ಕ ಹಾಗೆ ಮೇಲಿನ ಕೊಂಬೆಗಳನ್ನೂ ಮೂರನೇ ಒಂದು ಭಾಗದಷ್ಟು ಸವರಿ. ಅರ್ಧ ಬೇರು ಇಟ್ಟುಕೊಂಡು ಪೂರ್ತಿ ಎಲೆಗೆ ನೀರು ಕಳಿಸು ಅಂದರೆ ಗಿಡಕ್ಕೆ ಆಗುವುದಿಲ್ಲ. ಮುಕ್ಕಾಲುಪಾಲು ಬೇರು ಹೋಗಿದ್ದರೆ? ಕಾಂಡವನ್ನು ಉಗುರಿನಿಂದ ಸ್ವಲ್ಪ ಕೆರೆದು ನೋಡಿ. ಒಳಗೆ ಹಸಿರಿದ್ದರೆ ಪ್ರಯತ್ನ ಮಾಡಬಹುದು. ಬುಡದಲ್ಲೇ ಕಂದಾಗಿದ್ದರೆ ಬೇರೆ ಗಿಡ ತನ್ನಿ, ಸುಮ್ನೆ ಆರು ತಿಂಗಳು ಕಾಯಬೇಡಿ.

ಮತ್ತೆ ನೆಡುವಾಗ 16 ಇಂಚಿನ ಕುಂಡ ಸಾಕು. ಒಮ್ಮೆಲೇ ದೊಡ್ಡ ಡ್ರಮ್ಮಿಗೆ ಹಾಕುವ ಆಸೆ ಎಲ್ಲರಿಗೂ ಇರುತ್ತದೆ. ಬೇರು ಕಮ್ಮಿ ಇರುವಾಗ ಅಷ್ಟು ಮಣ್ಣಿನ ನೀರನ್ನು ಕುಡಿಯುವವರೇ ಇರುವುದಿಲ್ಲ, ಮತ್ತೆ ಅದೇ ಕೊಳೆ. ಎರಡು ವರ್ಷ ಬಿಟ್ಟು 20 ಇಂಚಿನದಕ್ಕೆ ಅಥವಾ 200 ಲೀಟರ್ ಡ್ರಮ್ಮನ್ನು ಅರ್ಧ ಮಾಡಿದ್ದಕ್ಕೆ ಹೋಗಿ. ಅಲ್ಲಿಗೆ ಗಿಡದ ಜೀವಮಾನಕ್ಕೆ ಸಾಕು. ಅರ್ಧ ಡ್ರಮ್ ಹಸಿ ಮಣ್ಣು 100 ಕಿಲೋ ದಾಟುತ್ತದೆ, ಹಾಗಾಗಿ ತಾರಸಿಯ ನಡುವೆ ಇಡಬೇಡಿ. ಕೆಳಗೆ ಗೋಡೆ ಅಥವಾ ಪಿಲ್ಲರ್ ಇರುವ ಕಡೆ ಇಡಿ.

ಮಣ್ಣಿಗೆ ಕೆಮ್ಮಣ್ಣು ಎರಡು ಪಾಲು, ದಪ್ಪ ಮರಳು ಒಂದು ಪಾಲು, ಪುಡಿಪುಡಿಯಾದ ಹಳೆಯ ಕೊಟ್ಟಿಗೆ ಗೊಬ್ಬರ ಒಂದು ಪಾಲು. ಮರಳು ಸಿಗದಿದ್ದರೆ ದೂಳು ತೊಳೆದ ಎಂ ಸ್ಯಾಂಡ್ ಆಗುತ್ತದೆ. ಜೊತೆಗೆ ಒಂದೆರಡು ಬೊಗಸೆ ಭತ್ತದ ಹೊಟ್ಟು ಅಥವಾ ಇದ್ದಿಲಿನ ಚೂರು ಸೇರಿಸಿ. ಒಂದು ಹಿಡಿ ಬೇವಿನ ಹಿಂಡಿ. ಕೋಕೋಪೀಟ್ ಜಾಸ್ತಿ ಬೇಡ. ಬೆಂಗಳೂರಿನವರ ವಿಡಿಯೋ ನೋಡಿ ಅರ್ಧಕ್ಕರ್ಧ ಕೋಕೋಪೀಟ್ ಹಾಕುತ್ತಾರೆ, ನಮ್ಮ ಮಳೆಗಾಲದಲ್ಲಿ ಅದು ಸ್ಪಂಜಿನ ಹಾಗೆ ನೀರು ಹಿಡಿದು ಕೂರುತ್ತದೆ.

ತಳದಲ್ಲಿ ಜಲ್ಲಿಕಲ್ಲು ತುಂಬಿಸಿದರೆ ನೀರು ಬೇಗ ಇಳಿಯುತ್ತೆ ಅನ್ನುವುದು ಹಳೆಯ ನಂಬಿಕೆ. ನಾನೂ ವರ್ಷಗಟ್ಟಲೆ ಹಾಗೇ ಹೇಳಿಕೊಂಡು ಬಂದೆ. ನಿಜದಲ್ಲಿ ನೀರು ನಯವಾದ ಮಣ್ಣಿನಿಂದ ಜಲ್ಲಿಗೆ ಸುಲಭವಾಗಿ ಇಳಿಯುವುದಿಲ್ಲ. ಜಲ್ಲಿಯ ಮೇಲಿನ ಮಣ್ಣು ಪೂರ್ತಿ ನೆನೆದ ಮೇಲೇ ತೊಟ್ಟಿಕ್ಕುತ್ತದೆ. ಅಂದರೆ ಒದ್ದೆ ಮಣ್ಣಿನ ಪದರ ನಾಲ್ಕು ಇಂಚು ಮೇಲಕ್ಕೆ ಬಂದು ಬೇರಿಗೆ ಹತ್ತಿರ ಆಯಿತು, ಅಷ್ಟೇ. ತೂತಿನ ಮೇಲೆ ಒಂದು ಹಂಚಿನ ಚೂರು ಕಮಾನಾಗಿ ಮುಚ್ಚಿ, ಉಳಿದದ್ದೆಲ್ಲ ಮಣ್ಣೇ ಇರಲಿ. ತೂತು ಮಾತ್ರ ಬೆರಳು ದಪ್ಪದ್ದು ಐದಾದರೂ ಬೇಕು. ಸಿಮೆಂಟ್ ಕುಂಡಕ್ಕೆ ನಡುವೆ ಒಂದೇ ತೂತು ಬಿಟ್ಟಿರುತ್ತಾರೆ, ಡ್ರಿಲ್ ಹಾಕಿಸಿ. ಕುಂಡವನ್ನು ಮೂರು ಇಟ್ಟಿಗೆಯ ಮೇಲೆ ಎತ್ತಿ ಇಡಿ. ತಟ್ಟೆ ಬೇಡವೇ ಬೇಡ.

ನೆಡುವಾಗ ಇನ್ನೊಂದು ಎಚ್ಚರಿಕೆ. ಬೇರು ಶುರುವಾಗುವ ಬುಡದ ಉಬ್ಬು ಮಣ್ಣಿನ ಮೇಲೆ ಕಾಣುತ್ತಿರಬೇಕು. ಬುಡಕ್ಕೆ ಮಣ್ಣು ಏರಿಸಿದರೆ ತೊಗಟೆ ಕೊಳೆತು ಅಂಟು ಸೋರಲು ಶುರುವಾಗುತ್ತದೆ. ಅತ್ತೆಯವರ ಕಾಫಿ ಚರಟವೂ ಇಲ್ಲೇ ತೊಂದರೆ ಮಾಡುವುದು. ಚರಟ ಕೆಟ್ಟದ್ದಲ್ಲ, ಆದರೆ ಹಸಿಯದನ್ನು ದಿನಾ ಸುರಿದರೆ ಮೇಲೆ ಕಪ್ಪು ರೊಟ್ಟಿಯ ಹಾಗೆ ಕಟ್ಟಿಕೊಳ್ಳುತ್ತದೆ. ಒಣಗಿದಾಗ ನೀರು ಒಳಗೆ ಹೋಗುವುದಿಲ್ಲ, ನೆನೆದಾಗ ಗಾಳಿ ಹೋಗುವುದಿಲ್ಲ. ಬೇಡ ಅನ್ನಬೇಡಿ, ಬೇಜಾರು ಮಾಡಿಕೊಂಡಾರು. ಮುಚ್ಚಳವಿರುವ ಒಂದು ಬಕೆಟ್ ಕೊಟ್ಟು ಚರಟ, ತರಕಾರಿ ಸಿಪ್ಪೆ, ಒಣ ಎಲೆ ಎಲ್ಲ ಅದಕ್ಕೇ ಹಾಕಲಿ ಅನ್ನಿ. ಮೂರು ತಿಂಗಳಿಗೆ ಒಳ್ಳೆ ಗೊಬ್ಬರ ಆಗುತ್ತದೆ. ಉಪ್ಪು ಹಾಕಿದ ಮಜ್ಜಿಗೆ ಮಾತ್ರ ಯಾರೂ ಹಾಕದ ಹಾಗೆ ನೋಡಿಕೊಳ್ಳಿ.

ನೆಟ್ಟ ದಿನ ಪೂರ್ತಿ ನೆನೆಯುವ ಹಾಗೆ ಒಮ್ಮೆ ನೀರು ಕೊಡಿ. ಹತ್ತು ದಿನ ಬೆಳಕಿರುವ ನೆರಳಲ್ಲಿಟ್ಟು ಆಮೇಲೆ ಬಿಸಿಲಿಗೆ ತನ್ನಿ. ಹೊಸ ಚಿಗುರು ಕಾಣುವವರೆಗೆ ಗೊಬ್ಬರ ಬೇಡ. ಮುಂದೆ ನೀರು ಹಾಕಲು ದಿನದ ಲೆಕ್ಕ ಇಟ್ಟುಕೊಳ್ಳಬೇಡಿ, ಬೆರಳಿನ ಲೆಕ್ಕ ಇಡಿ. ತೋರುಬೆರಳನ್ನು ಎರಡು ಗೆಣ್ಣು ಮಣ್ಣಿಗೆ ಇಳಿಸಿ. ತಂಪಾಗಿ, ಮಣ್ಣು ಬೆರಳಿಗೆ ಅಂಟಿದರೆ ನಾಳೆ ನೋಡೋಣ ಅಂತ ಬಿಡಿ. ಒಣಗಿದ್ದರೆ ಕೆಳಗಿನ ತೂತಿಂದ ಸುರಿಯುವಷ್ಟು ಹಾಕಿ. ದಿನಾ ಅರ್ಧ ಚೊಂಬು ಹಾಕುವುದಕ್ಕಿಂತ ಇದು ಎಷ್ಟೋ ಮೇಲು. ಚಳಿಗಾಲದಲ್ಲಿ ನಿಮ್ಮ ಊರಲ್ಲಿ ನಾಲ್ಕೈದು ದಿನಕ್ಕೊಮ್ಮೆ ಬೇಕಾಗಬಹುದು, ಮಾರ್ಚ್ ಏಪ್ರಿಲ್‌ನಲ್ಲಿ ದಿನಾ ಬೇಕಾಗಬಹುದು, ಜುಲೈನಲ್ಲಿ ಮಳೆ ಬೀಳುವ ಜಾಗದಲ್ಲಿದ್ದರೆ ತಿಂಗಳಿಡೀ ಒಂದು ಹನಿಯೂ ಬೇಡ.

ಈಗ ಹೂವಿನ ವಿಷಯ. ದೊಡ್ಡ ಮುಳ್ಳು, ಉದ್ದ ಕೊಂಬೆ ಅಂದರೆ ನಿಮ್ಮದು ಬಹುಶಃ ಬೀಜದ ಸಸಿ. ನಾವು ದಿನಾ ಬಳಸುವ ತೆಳು ಸಿಪ್ಪೆಯ ಕಾಗ್ಜಿ ನಿಂಬೆಯ ಬೀಜಕ್ಕೆ ಒಂದು ವಿಶೇಷ ಇದೆ. ಒಂದೇ ಬೀಜದಿಂದ ಎರಡು ಮೂರು ಸಸಿ ಬರುತ್ತವೆ, ಹೆಚ್ಚಿನವು ತಾಯಿ ಮರದ ಪಡಿಯಚ್ಚು. ಹಾಗಾಗಿ ಬೀಜದಿಂದ ಬೆಳೆಸುವುದರಲ್ಲಿ ತಪ್ಪಿಲ್ಲ, ರೈತರೂ ಬೆಳೆಸುತ್ತಾರೆ. ಆದರೆ ಬೀಜದ ಗಿಡಕ್ಕೆ ಬಾಲ್ಯ ಉದ್ದ. ನಾಲ್ಕೈದು ವರ್ಷ ಬರೀ ಮುಳ್ಳು, ಎಲೆ. ಕುಂಡದಲ್ಲಿ, ಬೇರು ಕೊಳೆತು ಹಿಂದೆ ಬಿದ್ದಿದ್ದರೆ ಇನ್ನೂ ಒಂದು ವರ್ಷ ಸೇರಿಸಿಕೊಳ್ಳಿ. ನಿಮಗೆ ‘ಒಂದೇ ವರ್ಷಕ್ಕೆ’ ಅಂದವರು ಗೂಟಿ ಗಿಡದ ಕಥೆಯನ್ನು ಬೀಜದ ಗಿಡಕ್ಕೆ ಹೇಳಿ ಮಾರಿದ್ದಾರೆ.

ಗೂಟಿ ಅಂದರೆ ಕಾಯಿ ಬಿಡುತ್ತಿರುವ ಮರದ ಕೊಂಬೆಯ ತೊಗಟೆ ಸುಲಿದು, ಒದ್ದೆ ಪಾಚಿ ಕಟ್ಟಿ ಬೇರು ಬರಿಸಿದ್ದು. ಅದಕ್ಕೆ ಆಗಲೇ ವಯಸ್ಸಾಗಿರುತ್ತದೆ, ಎರಡನೇ ವರ್ಷಕ್ಕೇ ಹೂ ಬಿಡಬಹುದು. ಇನ್ನೊಂದು ಕಸಿ ಗಿಡ. ಅಂದಹಾಗೆ ನಮ್ಮ ಕಾಫಿ ಸೀಮೆಯಲ್ಲಿ ಈ ಮಾತು ಗೊಂದಲ ಮಾಡುತ್ತದೆ. ತೋಟದಲ್ಲಿ ಕಸಿ, ಮರಗಸಿ ಅಂದರೆ ಕೊಂಬೆ ಸವರುವ ಕೆಲಸ. ನರ್ಸರಿಯವರು ಕಸಿ ಅಂದರೆ ಬೇರೆ ಗಿಡದ ಬುಡಕ್ಕೆ ಕಣ್ಣು ಕೂರಿಸಿದ್ದು. ನಿಮ್ಮ ಗಿಡದ ಬುಡದಿಂದ ಒಂದು ಗೇಣಿನೊಳಗೆ ಗಂಟು, ಓರೆ ಗುರುತು ಕಾಣುತ್ತದೆಯಾ ನೋಡಿ. ಕಂಡರೆ ಅದು ಕಣ್ಣು ಹಾಕಿದ ಗಿಡ. ಆಗ ಗಂಟಿನ ಕೆಳಗಿಂದ ಎದ್ದ ಕೊಂಬೆಯನ್ನೆಲ್ಲ ಬುಡಸಮೇತ ಚಿವುಟಿ ಹಾಕಿ. ಅವು ನಿಮ್ಮ ನಿಂಬೆಯಲ್ಲ, ಬುಡದ ಗಿಡದವು. ಬಲ ಜಾಸ್ತಿ, ಮುಳ್ಳು ಜಾಸ್ತಿ. ಬಿಟ್ಟರೆ ಮೇಲಿನದನ್ನು ತಿಂದುಹಾಕುತ್ತವೆ.

ಬೀಜದ್ದೇ ಆದರೂ ನಿಮ್ಮ ಮೂರು ವರ್ಷ ಪೋಲಾಗಿಲ್ಲ, ಅದಕ್ಕೇ ಕೀಳಬೇಡಿ ಅಂದದ್ದು. ಜೊತೆಗೆ ಇನ್ನೊಂದು ಗಿಡ ತರುವ ಮನಸ್ಸಿದ್ದರೆ ತೋಟಗಾರಿಕೆ ಇಲಾಖೆಯ ನರ್ಸರಿಯಲ್ಲಿ ಕೇಳಿ. ತಿರುಪತಿಯಲ್ಲಿ ಆರಿಸಿದ ಬಾಲಾಜಿ ತಳಿ ಕಜ್ಜಿ ರೋಗವನ್ನು ಸ್ವಲ್ಪ ತಡೆದುಕೊಳ್ಳುತ್ತದೆ, ಮಳೆ ಊರಿಗೆ ನನ್ನ ಓಟು ಅದಕ್ಕೇ. ನರ್ಸರಿಗಳಲ್ಲಿ ಸೀಡ್‌ಲೆಸ್ ನಿಂಬೆ ಅಂತ ಕೊಡುವುದು ಬೇರೆ ಜಾತಿ. ಮುಳ್ಳು ಕಮ್ಮಿ, ಕುಂಡಕ್ಕೆ ಚೆನ್ನಾಗಿ ಒಗ್ಗುತ್ತದೆ, ಬೇಗ ಕಾಯಿ ಬಿಡುತ್ತದೆ. ರಸ ಧಾರಾಳ, ಪರಿಮಳ ಮಾತ್ರ ನಮ್ಮ ಕಾಗ್ಜಿಯದಲ್ಲ. ಚಿತ್ರಾನ್ನಕ್ಕೆ ಹಿಂಡಿದರೆ ಗೊತ್ತಾಗುತ್ತದೆ. ಹೇರಳೆಕಾಯಿ, ಗಜನಿಂಬೆಯನ್ನು ಕುಂಡದಲ್ಲಿ ಬೆಳೆಸುತ್ತೇನೆ ಅನ್ನಬೇಡಿ. ಅವಕ್ಕೆ ಹಿತ್ತಿಲೇ ಬೇಕು.

ನಿಮ್ಮ ಮನೆಯವರಿಗೆ ಒಂದು ಮಾತು. ನಿಂಬೆ ನೆಲದ ಗಿಡ ಹೌದು, ಆದರೆ ಅದರ ಉಣ್ಣುವ ಬೇರುಗಳು ಹೆಚ್ಚಾಗಿ ಮೇಲಿನ ಒಂದು ಅಡಿ ಮಣ್ಣಲ್ಲೇ ಹರಡಿರುತ್ತವೆ. ಅದಕ್ಕೇ ಕುಂಡಕ್ಕೆ ಒಗ್ಗುವುದು. 20 ಇಂಚಿನ ಕುಂಡದ ಒಳ್ಳೆಯ ಗಿಡದಿಂದ ವರ್ಷಕ್ಕೆ 50–60 ಕಾಯಿ ನಾನೇ ಕಿತ್ತಿದ್ದೇನೆ. ಉಪ್ಪಿನಕಾಯಿಗೆ ಸಾಲದು, ಸಾರು, ಪಾನಕಕ್ಕೆ ಸಾಕು.

ಬಿಸಿಲಿನ ಬಗ್ಗೆ ನೀವು ಏನೂ ಬರೆದಿಲ್ಲ. ದಿನಕ್ಕೆ ಆರು ಗಂಟೆ ನೇರ ಬಿಸಿಲು ಬೀಳಬೇಕು. ಪಕ್ಕದ ಮನೆ ಗೋಡೆ, ನೀರಿನ ಟ್ಯಾಂಕಿನ ನೆರಳಲ್ಲಿದ್ದರೆ ಗಿಡ ಬೆಳಕು ಹುಡುಕಿಕೊಂಡು ಉದ್ದ ಆಗುತ್ತದೆ, ಹೂ ಬಿಡುವುದಿಲ್ಲ. ತೋಟದ ಸಿಲ್ವರ್ ಓಕ್ ಕೆಳಗೆ ನಿಂಬೆ ನೆಟ್ಟವರಿಗೆ ಇದು ಗೊತ್ತು. ಎಲೆ ಕಪ್ಪು ಹಸಿರು, ನೋಡಲು ಚೆಂದ, ಕಾಯಿ ಸೊನ್ನೆ.

ಬಿಸಿಲು, ಬೇರು, ವಯಸ್ಸು ಮೂರೂ ಸರಿ ಇದ್ದ ಮೇಲೂ ನಿಂಬೆಗೆ ಒಂದು ಸಣ್ಣ ಹೆದರಿಕೆ ಬೇಕು. ಕಾಫಿ ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಜನವರಿ ಫೆಬ್ರವರಿಯಲ್ಲಿ ಒಣಗಿ ನಿಂತ ಕಾಫಿ ಗಿಡ ಹೂಮಳೆ ಬಿದ್ದ ಎಂಟು ಹತ್ತು ದಿನಕ್ಕೆ ಮಲ್ಲಿಗೆ ಹಾಸಿದ ಹಾಗೆ ಅರಳುತ್ತದೆ. ಒಣಗು ಇಲ್ಲದೆ ಬರೀ ಮಳೆಯಿದ್ದರೆ ಹಾಗೆ ಒಟ್ಟಿಗೆ ಅರಳುವುದಿಲ್ಲ. ನಿಂಬೆಯೂ ಹಾಗೇ. ದಿನಾ ಕೇಳಿದಷ್ಟು ನೀರು ಸಿಕ್ಕರೆ ಎಲೆ ಮಾಡಿಕೊಂಡು ಹಾಯಾಗಿರುತ್ತದೆ. ನೀರು ನಿಲ್ಲಿಸಿ, ಆಮೇಲೆ ಕೊಟ್ಟರೆ ಹೂವಿಗೆ ಬರುತ್ತದೆ. ನಿಂಬೆ ಬೆಳೆಯುವವರು ಇದಕ್ಕೆ ಬಹಾರ್ ಅನ್ನುತ್ತಾರೆ. ಮಾವು ಹೂ ಬಿಡುವ ಹೊತ್ತಿನದು ಅಂಬೆ ಬಹಾರ್, ಮೃಗಶಿರ ಮಳೆಯದು ಮೃಗ ಬಹಾರ್, ಹಸ್ತ ಮಳೆಯ ಹೊತ್ತಿನದು ಹಸ್ತ ಬಹಾರ್. ಹೂವಿನಿಂದ ಕಾಯಿ ಕೀಳುವವರೆಗೆ ಐದರಿಂದ ಆರು ತಿಂಗಳು. ಲೆಕ್ಕ ಹಾಕಿ ನೋಡಿ. ಬೇಸಿಗೆಯಲ್ಲಿ, ನಿಂಬೆಹಣ್ಣಿನ ರೇಟು ಏರಿದಾಗ ಕಾಯಿ ಬೇಕಿದ್ದರೆ ಹಸ್ತ ಬಹಾರ್ ಹಿಡಿಯಬೇಕು. ನೆಲದಲ್ಲಿ ನೆಟ್ಟವರಿಗೆ ಅದು ಕಷ್ಟ, ಆಗ ಮಳೆ ಇನ್ನೂ ಬಿಟ್ಟಿರುವುದಿಲ್ಲ, ಮಣ್ಣು ಒಣಗಿಸುವುದು ಹೇಗೆ? ಕುಂಡದವರ ಭಾಗ್ಯ ಇಲ್ಲಿದೆ. ಆಗಸ್ಟ್ ಕೊನೆಗೆ ಕುಂಡವನ್ನು ಶೀಟಿನ ಕೆಳಗೇ ಇಟ್ಟು ನೀರು ನಿಲ್ಲಿಸಿದರೆ ಮುಗಿಯಿತು.

ಎಷ್ಟು ದಿನ ಒಣಗಿಸಬೇಕು ಅಂದರೆ ಎಲೆ ನೋಡಿ. ಮಧ್ಯಾಹ್ನ ಎಲೆಗಳು ದೋಣಿಯ ಹಾಗೆ ಮಡಚಿಕೊಂಡು ಸಂಜೆ ತಂಪಿಗೆ ಮತ್ತೆ ಬಿಚ್ಚಿಕೊಂಡರೆ ಸರಿಯಾಗಿ ಬಂದಿದೆ. ಎರಡು ಮೂರು ದಿನ ಹಾಗೇ ಬಿಡಿ. ಬೆಳಿಗ್ಗೆ ಎದ್ದು ನೋಡಿದಾಗಲೂ ಮಡಚಿಕೊಂಡೇ ಇದ್ದರೆ ಜಾಸ್ತಿಯಾಯಿತು, ತಕ್ಷಣ ನೀರು ಕೊಡಿ. ಫೆಬ್ರವರಿಯಲ್ಲಿ ಒಂದು ವಾರಕ್ಕೇ ಈ ಹಂತ ಬರುತ್ತದೆ, ಮೋಡದ ದಿನಗಳಲ್ಲಿ ಎರಡು ವಾರವೂ ಹಿಡಿಯಬಹುದು. ಆಮೇಲೆ ತಳದಿಂದ ಹರಿಯುವ ಹಾಗೆ ನೀರು, ಜೊತೆಗೆ ಗೊಬ್ಬರ. ಬೇರು ಕೊಳೆತ ನಿಮ್ಮ ಗಿಡಕ್ಕೆ ಈ ಶಿಕ್ಷೆ ಈ ವರ್ಷ ಬೇಡ. ಬರುವ ಆಗಸ್ಟ್‌ವರೆಗೆ ಚೇತರಿಸಿಕೊಳ್ಳಲಿ. ಹೂ ಬಂದಾಗ ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ ಉದುರುತ್ತವೆ, ಗಾಬರಿಯಾಗಬೇಡಿ. ಅದು ಗಿಡದ ಲೆಕ್ಕಾಚಾರ. ಹೂವಿರುವಾಗ ಯಾವ ಔಷಧಿಯನ್ನೂ ಹೊಡೆಯಬೇಡಿ, ತುಡುವೆ ಜೇನು ಬರುತ್ತಿರುತ್ತದೆ.

ಕಂದು ಚುಕ್ಕೆಗೆ ಬರೋಣ. ಎಲೆಯ ಮೇಲೆ ಬೆರಳಾಡಿಸಿ. ಚುಕ್ಕೆ ಉಬ್ಬಿ, ಉಪ್ಪುಕಾಗದದ ಹಾಗೆ ಒರಟಾಗಿ, ಸುತ್ತ ಹಳದಿ ಬಳೆ ಇದ್ದರೆ ಅದು ಕಜ್ಜಿ. ಬ್ಯಾಕ್ಟೀರಿಯಾದಿಂದ ಬರುವ ರೋಗ. ಮಳೆ ಹನಿ ಎಲೆಗೆ ಬಡಿದು ಸಿಡಿದಾಗ ಪಕ್ಕದ ಎಲೆಗೆ ಹೋಗುತ್ತದೆ. ಎಳೆ ಎಲೆಯಲ್ಲಿ ಬೆಳ್ಳಿಗೆರೆ ಎಳೆದುಕೊಂಡು ಹೋಗುವ ರಂಗೋಲಿ ಹುಳ ಮಾಡಿದ ಗಾಯ ಇದಕ್ಕೆ ಬಾಗಿಲು. ಜಾಸ್ತಿ ಚುಕ್ಕೆ ಇರುವ ಕೊಂಬೆಯನ್ನು ಒಣಹವೆಯಲ್ಲಿ, ಅಂದರೆ ಈಗಲೇ, ಕತ್ತರಿಸಿ ಸುಟ್ಟುಬಿಡಿ. ಬೇರಿಗಾಗಿ ಕೊಂಬೆ ಸವರುವಾಗ ಇವನ್ನೇ ಮೊದಲು ಆರಿಸಿ.

ಔಷಧಿ ಬೋರ್ಡೋ, ಅಂದರೆ ಮೈಲುತುತ್ತ (ತಾಮ್ರದ ಸಲ್ಫೇಟ್) ಮತ್ತು ಸುಣ್ಣ ಬೆರೆಸಿದ ದ್ರಾವಣ. ಕಾಫಿ, ಅಡಿಕೆ ತೋಟದ ನೆಂಟರಿದ್ದರೆ ಅವರ ಮನೆಯಲ್ಲೇ ಮೈಲುತುತ್ತ ಸಿಗುತ್ತದೆ. ಕುಂಡದ ಗಿಡಕ್ಕೆ ಒಂದು ಲೀಟರ್ ಸಾಕು. ಅರ್ಧ ಲೀಟರ್ ನೀರಿಗೆ 10 ಗ್ರಾಂ ಮೈಲುತುತ್ತ, ಇನ್ನರ್ಧ ಲೀಟರಿಗೆ 10 ಗ್ರಾಂ ಸುಟ್ಟ ಸುಣ್ಣ, ಬೇರೆ ಬೇರೆ ಪ್ಲಾಸ್ಟಿಕ್ ಬಕೆಟ್‌ನಲ್ಲಿ ಕರಗಿಸಿ. ಸುಣ್ಣದ ನೀರು ಸೋಸಿಕೊಳ್ಳಿ. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸಣ್ಣಗೆ ಸುರಿಯುತ್ತಾ ಕಲಕಿ. ಆಕಾಶ ಬಣ್ಣ ಬರುತ್ತದೆ. ಹೊಳೆಯುವ ಕಬ್ಬಿಣದ ಚಾಕುವನ್ನು ಒಂದು ನಿಮಿಷ ಅದ್ದಿ ತೆಗೆಯಿರಿ. ತಾಮ್ರದ ಕೆಂಪು ಹತ್ತಿದರೆ ಇನ್ನಷ್ಟು ಸುಣ್ಣದ ನೀರು ಸೇರಿಸಿ, ಇಲ್ಲದಿದ್ದರೆ ಎಲೆ ಸುಡುತ್ತದೆ. ಅದೇ ದಿನ ಮುಗಿಸಬೇಕು, ನಾಳೆಗೆ ಇಡಬಾರದು. ಈಗ ಕೊಂಬೆ ಸವರಿದ ಮೇಲೆ ಒಮ್ಮೆ, ಮೇ ಕೊನೆಗೆ ಮಳೆ ಹಿಡಿಯುವ ಮೊದಲು ಒಮ್ಮೆ, ಮಳೆ ನಡುವೆ ಬಿಸಿಲು ಬಿದ್ದ ದಿನ ನೋಡಿ ಇನ್ನೊಮ್ಮೆ. ಕೆಲವರು ಆ್ಯಂಟಿಬಯೋಟಿಕ್ ಪುಡಿ ಬೆರೆಸಿ ಅನ್ನುತ್ತಾರೆ. ಮನೆಯಲ್ಲಿ ತಿನ್ನುವ ಗಿಡಕ್ಕೆ ಅದರ ಸಹವಾಸ ಬೇಡ.

ಇದಕ್ಕಿಂತ ದೊಡ್ಡ ಔಷಧಿ ಮಳೆ ತಪ್ಪಿಸುವುದು. ಜೂನ್‌ನಿಂದ ಮೂರು ತಿಂಗಳು ಕುಂಡವನ್ನು ಬೆಳಕು ಬರುವ ಪಾರದರ್ಶಕ ಶೀಟಿನ ಕೆಳಗಿಡಿ. ಸೂರಿನ ಅಂಚಿಗೆ ಇಡಬೇಡಿ, ಹಂಚಿನ ನೀರು ನೇರ ಬುಡಕ್ಕೆ ಬೀಳುತ್ತದೆ, ಅದು ಬಯಲಿಗಿಂತ ಕೇಡು. ವಿದೇಶದವರು ಚಳಿಗಾಲದಲ್ಲಿ ನಿಂಬೆಯನ್ನು ಮನೆಯೊಳಗೆ ತನ್ನಿ ಅಂತ ಬರೆಯುತ್ತಾರೆ. ಅವರಿಗೆ ಹಿಮದ ಭಯ. ನಮ್ಮ ಡಿಸೆಂಬರ್ ಚಳಿಗೆ ನಿಂಬೆ ಜಗ್ಗುವುದಿಲ್ಲ.

ಎಲೆ ಕಡಿದು ಹೋಗಿದ್ದರೆ ಅದು ನಿಂಬೆ ಚಿಟ್ಟೆಯ ಮರಿ. ಸಣ್ಣದಿರುವಾಗ ಥೇಟ್ ಹಕ್ಕಿ ಹಿಕ್ಕೆ, ಎಲೆ ಮೇಲೆ ಬಿದ್ದಿದೆ ಅಂದುಕೊಂಡು ಸುಮ್ಮನಾಗುತ್ತೇವೆ. ದೊಡ್ಡದಾದ ಮೇಲೆ ಎಲೆಯ ಹಸಿರೇ. ಕಡ್ಡಿಯಿಂದ ಮುಟ್ಟಿದರೆ ತಲೆ ಹಿಂದಿನಿಂದ ಕವೆಯಂಥ ಎರಡು ಕೊಂಬು ಹೊರಹಾಕಿ ಕಟುವಾದ ವಾಸನೆ ಬಿಡುತ್ತದೆ. ಮಕ್ಕಳಿಗೆ ತೋರಿಸಿ, ಖುಷಿಪಡುತ್ತಾರೆ. ಒಂದು ಕುಂಡಕ್ಕೆ ಕೈಯಲ್ಲಿ ಆರಿಸುವುದೇ ಸಾಕು. ರಂಗೋಲಿ ಹುಳ, ಹೇನು, ಹಿಟ್ಟು ತಿಗಣೆಗೆ ಲೀಟರಿಗೆ 5 ಮಿಲಿ ಬೇವಿನ ಎಣ್ಣೆ, ಸ್ವಲ್ಪ ಸೋಪಿನ ನೀರಲ್ಲಿ ಕದಡಿ ಸಂಜೆ ಹೊತ್ತು, ಚಿಗುರು ಬರುವಾಗ ವಾರಕ್ಕೊಮ್ಮೆ.

ಕೊನೆಗೆ ಹಳದಿ. ಬೇರು ಸರಿಯಾದ ಮೇಲೂ ಹಳದಿ ಉಳಿದರೆ, ಯಾವ ಎಲೆ ಅಂತ ನೋಡಿ. ಕೆಳಗಿನ ಹಳೆಯ ಎಲೆ ಇಡಿಯಾಗಿ ಮಾಸಿದ ಹಳದಿಯಾದರೆ ಹೊಟ್ಟೆಗೆ ಸಾಲದು, ಸಾರಜನಕ ಬೇಕು. ಹಳೆಯ ಎಲೆಯ ತೊಟ್ಟಿನ ಕಡೆ ಮಾತ್ರ ಬಾಣದ ತುದಿಯಂತೆ ಹಸಿರು ಉಳಿದು ಸುತ್ತ ಹಳದಿಯಾದರೆ ಮೆಗ್ನೀಶಿಯಂ ಕೊರತೆ, ಲೀಟರಿಗೆ 5 ಗ್ರಾಂ ಎಪ್ಸಂ ಉಪ್ಪು ಎಲೆಗೆ ಸಿಂಪಡಿಸಿ. ತುದಿಯ ಹೊಸ ಎಲೆ ಸಣ್ಣದಾಗಿ, ನರ ಹಸಿರು, ನಡುವೆ ಹಳದಿ ಇದ್ದರೆ ಸತು ಅಥವಾ ಕಬ್ಬಿಣ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ನಿಂಬೆ ಜಾತಿಗೆಂದೇ ಸಿಟ್ರಸ್ ಸ್ಪೆಷಲ್ ಎಂಬ ಲಘು ಪೋಷಕಾಂಶದ ಪುಡಿ ಮಾಡಿದ್ದಾರೆ, ಪ್ಯಾಕೆಟ್ ಮೇಲೆ ಬರೆದ ಹಾಗೆ ಬಳಸಿ. ಕಡೂರು, ಅರಸೀಕೆರೆ ಕಡೆ ಗಡಸು ಬೋರ್ ನೀರು ಹಾಕುವವರಿಗೆ ಈ ತೊಂದರೆ ಜಾಸ್ತಿ.

ಮಾಮೂಲಿ ಊಟಕ್ಕೆ 50 ಗ್ರಾಂ ಕಡಲೆಕಾಯಿ ಹಿಂಡಿಯನ್ನು ಒಂದು ಲೀಟರ್ ನೀರಲ್ಲಿ ಮೂರು ದಿನ ನೆನೆಸಿ, ಹತ್ತರಷ್ಟು ನೀರು ಬೆರೆಸಿ, ಹದಿನೈದು ದಿನಕ್ಕೊಮ್ಮೆ ಒಂದು ಮಗ್ ಕೊಡಿ. ವಾಸನೆ ಬರುತ್ತದೆ, ಬಟ್ಟೆ ಒಣಹಾಕುವ ದಿನ ಬೇಡ. ಎರಡು ತಿಂಗಳಿಗೊಮ್ಮೆ ಎರಡು ಬೊಗಸೆ ಎರೆಗೊಬ್ಬರ. ಜೂನ್‌ನಿಂದ ಆಗಸ್ಟ್‌ವರೆಗೆ ಏನೂ ಕೊಡಬೇಡಿ, ಮೋಡದಲ್ಲಿ ಬಂದ ಮೆತ್ತನೆ ಚಿಗುರನ್ನು ಕಜ್ಜಿಯೇ ತಿನ್ನುವುದು.

ಬೇರು ನೋಡಿದ ಮೇಲೆ ಏನು ಕಂಡಿತು ಅಂತ ಬರೆಯಿರಿ, ಸಾಧ್ಯವಾದರೆ ಒಂದು ಫೋಟೋ ಕಳಿಸಿ. ಮುಳ್ಳಿನ ಕೊಂಬೆಗೆ ಕೈ ಹಾಕುವಾಗ ಗೋಣಿಚೀಲ ಸುತ್ತಿಕೊಳ್ಳಿ. ತೆಗೆದ ತಟ್ಟೆ ಒಡೆದಿಲ್ಲದಿದ್ದರೆ ಬೇಸಿಗೆಯಲ್ಲಿ ಪ್ಯಾರಾಪೆಟ್ ಮೇಲೆ ನೀರು ತುಂಬಿ ಇಡಿ, ಪಿಕಳಾರಗಳು ಬರುತ್ತವೆ.